ಹೊಳೆ ದಾಟಿದರೆ ಔಟು

ಹೊಸದಾಗಿ ವ್ಯಾಯಾಮ ಶಿಕ್ಷಕರ ನೌಕರಿಗೆ ಸೇರಿದ ಇಬ್ಬರು ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಕೈಯಲ್ಲಿ ರೇಡಿಯೋ. ನಮ್ಮ ದೇಶದ ತಂಡ ಯಾವುದೋ ದೂರದ ದೇಶದಲ್ಲಿ ಕ್ರಿಕೆಟ್ ಆಡುತ್ತಿತ್ತು. ನಾನು ಒಳಗಿನಿಂದ ಚಹಾ ತರಿಸುವಷ್ಟರಲ್ಲಿ ಅರ್ಧ ತಂಡ ಬ್ಯಾಟು ಕಂಕುಳಲ್ಲಿಟ್ಟುಕೊಂಡು ಹಿಂದಿರುಗಿತ್ತು. "ಅಲ್ಲಿಯ ಹುಲ್ಲು ಬ್ಯಾರೆ ಇರ್ತೈತ್ರಿ ಸರ್" ಎಂದ ಒಬ್ಬ. "ಹುಲ್ಲಲ್ಲ, ಗಾಳಿ" ಎಂದ ಇನ್ನೊಬ್ಬ. ಇದೇ ಮಂದಿ ಮತ್ತೊಂದು ದೇಶಕ್ಕೆ ಹೋದಾಗ ರನ್ನುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದರಲ್ಲ, ಅದು ಹೇಗೆ ಎಂದು ಇಬ್ಬರೂ ನನ್ನ ಮುಖ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡು ಎದ್ದು ಹೋದರೇನೋ.

ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹಡಗು, ವಿಮಾನ ಹತ್ತಿ ಹೋಗುವ ದೊಡ್ಡ ತಂಡಗಳ ಸುದ್ದಿ ನನಗೆ ಬೇಡ. ಅಲ್ಲಿ ಹುಲ್ಲೂ ಇರಬಹುದು, ಗಾಳಿಯೂ ಇರಬಹುದು. ನಾನು ಬಲ್ಲದ್ದು ಕೊಪ್ಪಳದ ತಂಡವೊಂದನ್ನು. ಅದು ಒಂದು ಪರದೇಶದಲ್ಲಿ ಮೆರವಣಿಗೆ ಮಾಡಿಸಿಕೊಂಡು ಇನ್ನೊಂದು ಪರದೇಶದಲ್ಲಿ ಯಾಕೆ ಮಣ್ಣು ಮುಕ್ಕುತ್ತಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲೇಜಿನಲ್ಲಿ ನಿಮಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಪರದೇಶ ಎಂದರೆ ಏಳು ಸಮುದ್ರದ ಆಚೆಯದಲ್ಲ. ಆಗ ನಮ್ಮದು ನಿಜಾಮರ ಸೀಮೆ. ಕೊಪ್ಪಳದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಪಡುವಣಕ್ಕೆ ಹೋದರೆ ಗದಗ, ಅದು ಮುಂಬಯಿ ಇಲಾಖೆ. ಮೂಡಣಕ್ಕೆ ಹೋಗಿ ತುಂಗಭದ್ರೆ ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಇಲಾಖೆ. ಎರಡೂ ಕಡೆ ಇಂಗ್ಲಿಷರ ರಾಜ್ಯ, ಬೇರೆ ರೂಪಾಯಿ, ಬೇರೆ ಕಾನೂನು. ಗಡಿಯ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಿಯೇ ಮುಂದೆ ಹೋಗಬೇಕು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಿ ಬರುತ್ತಿದ್ದ ಪರದೇಶಗಳು ಅವು.

ನಾನು ಶಾಲೆಯ ಡ್ರಿಲ್ ಮಾಸ್ತರ. ಈಗಿನವರು ವ್ಯಾಯಾಮ ಶಿಕ್ಷಣದ ಗುರಿ, ಧ್ಯೇಯ ಎಂದು ಏನೇನೋ ಬರೆದಿಟ್ಟುಕೊಳ್ಳುತ್ತಾರೆ. ನನ್ನ ಕೆಲಸವನ್ನು ನಾನು ಹೇಳುತ್ತೇನೆ, ಕೇಳಿ. ಬೆಳಿಗ್ಗೆ ಹುಡುಗರನ್ನು ಸಾಲಾಗಿ ನಿಲ್ಲಿಸುವುದು. ದೊಡ್ಡವರು ಊರಿಗೆ ಬಂದರೆ ಅದೇ ಸಾಲನ್ನು ರಸ್ತೆಯ ಬದಿಗೆ ನಿಲ್ಲಿಸಿ ಬಿಸಿಲಲ್ಲಿ ಬೇಯಿಸುವುದು. ಗಂಟು ಹಾಕಲು ಬರುತ್ತದೆ ಎಂಬ ಕಾರಣಕ್ಕೆ ಹೆಡ್ ಮಾಸ್ತರರ ಮನೆಯ ಮದುವೆಗೆ ಹಂದರ ಹಾಕುವುದು. ಒಮ್ಮೆ ತನಿಖೆಗೆ ಬಂದ ಸಾಹೇಬರೊಬ್ಬರು, ಹುಡುಗರು ಎಡಗಾಲು ಮೊದಲು ಎತ್ತುತ್ತಾರೆ, ಇದು ಅಪಶಕುನ, ಬಲಗಾಲು ಎತ್ತಿಸಿ ಎಂದರು. ಎತ್ತಿಸಿದೆ. ಮರುವರ್ಷ ಬಂದ ಸಾಹೇಬರು ಜಗತ್ತೆಲ್ಲ ಎಡಗಾಲು ಎತ್ತುವಾಗ ನಿಮ್ಮದೇನು ತಕರಾರು ಎಂದು ಬೈದರು. ಹೀಗೆ ಎರಡೂ ಕಾಲಿಗೆ ಬೈಸಿಕೊಂಡದ್ದೇ ನನ್ನ ಸೇವೆ.

ಸಂಜೆ ನನ್ನನ್ನು ಸಾಹೇಬರ ಕ್ಲಬ್ಬಿಗೆ ಎರವಲು ಕೊಡುತ್ತಿದ್ದರು. ಅಲ್ಲಿ ನಾರಿನ ಚಾಪೆ ಹಾಸಿ ಗೂಟ ಬಡಿದು ಅದರ ಮೇಲೆ ಕ್ರಿಕೆಟ್ ಆಡಿಸುವುದು ನನ್ನ ಪಾಲಿಗೆ ಬಂದಿತ್ತು. ತಂಡದ ಕ್ಯಾಪ್ಟನ್ ದೊಡ್ಡ ಸಾಹೇಬರು. ಅವರ ಹೆಸರು, ಹುದ್ದೆ ಬರೆಯುವುದಿಲ್ಲ, ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಅವರ ಜೊತೆಗೆ ಮೊದಲು ಆಡಲು ಇಳಿಯುವವರು ಗಡಿಯ ತಪಾಸಣೆ ನೋಡಿಕೊಳ್ಳುವ ಸಾಹೇಬರು, ಎಲ್ಲರೂ ನಾಕಾ ಸಾಹೇಬರು ಎನ್ನುತ್ತಿದ್ದೆವು. ಅಂಪೈರು ವಕೀಲ ಶ್ರೀಪತರಾಯರು. ಅವರಿಗೆ ತಿಳಿಯದ ವಿಷಯ ಭೂಮಿಯ ಮೇಲೆ ಇರಲಿಲ್ಲ, ಕ್ರಿಕೆಟ್ಟನ್ನೊಂದು ಬಿಟ್ಟು.

ನಮ್ಮಲ್ಲೊಂದು ಪದ್ಧತಿ ಇತ್ತು. ಬ್ಯಾಟು ಹಿಡಿಯುವವರು ಸಾಹೇಬರು, ಚೆಂಡು ಒಗೆಯುವವರು ಜವಾನರು. ಬ್ಯಾಟು ಮಾಡುವುದು ಮರ್ಯಾದಸ್ಥರ ಕೆಲಸ, ಓಡಿ ಬಂದು ಚೆಂಡು ಎಸೆದು ಬೆವರಿಳಿಸುವುದು ಆಳಿನ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಜವಾನರಲ್ಲಿ ಹುಸೇನಸಾಬ ಎಂಬುವನಿದ್ದ, ಕೊಪ್ಪಳದ ಮಗ್ಗುಲಿನ ಭಾಗ್ಯನಗರದವನು, ದೊಡ್ಡ ಸಾಹೇಬರ ಕಚೇರಿಯ ಬಾಗಿಲಲ್ಲಿ ನಿಲ್ಲುವವನು. ಎದುರು ತಂಡ ಆಡುವಾಗ ಅವನು ಓಡಿ ಬಂದು ಒಗೆದರೆ ಸ್ಟಂಪು ಮುರಿದು ಚೂರಾಗುತ್ತಿತ್ತು. ಸಂಜೆಯ ಅಭ್ಯಾಸದಲ್ಲಿ ಮಾತ್ರ ನಮ್ಮ ಸಾಹೇಬರು ಅವನನ್ನು ದಿನಾಲೂ ಬೇಲಿಯಾಚೆಗೆ ಬಾರಿಸುತ್ತಿದ್ದರು. ಆಗ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸಾಹೇಬರು ಭಾರಿ ಆಟಗಾರರು ಎಂದುಕೊಂಡಿದ್ದೆ.

ಕುಷ್ಟಗಿಗೆ ಹೋದೆವು, ಗೆದ್ದೆವು. ಯಲಬುರ್ಗಾದ ಎರೆನೆಲದಲ್ಲಿ ಚಾಪೆಯ ಕೆಳಗೆ ಕೈ ಹೋಗುವಷ್ಟು ಬಿರುಕು, ಅಲ್ಲೂ ಗೆದ್ದೆವು. ಗಂಗಾವತಿಯಲ್ಲಿ ಕಾಲುವೆಯ ಪಕ್ಕದ ಗದ್ದೆ, ಚಾಪೆ ಹಾಸಿದರೆ ನೀರು ಒಸರುತ್ತದೆ, ಅಲ್ಲೂ ದೊಡ್ಡ ಸಾಹೇಬರು ಮೊದಲ ಚೆಂಡಿನಿಂದಲೇ ಬಾರಿಸಿದರು. ಮುಂದೆ ಗದಗಕ್ಕೆ ಹೋದೆವು. ಪರದೇಶ ಎಂದು ನನಗೆ ಒಳಗೊಳಗೆ ಅಳುಕಿತ್ತು. ಎದುರಿಗೆ ಹತ್ತಿ ವ್ಯಾಪಾರಿಗಳ ತಂಡ. ನಾಕಾ ಸಾಹೇಬರು ಆ ದಿನ ಹೊಡೆದ ಹೊಡೆತಕ್ಕೆ ಎದುರು ತಂಡದವರೇ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಹೂವಿನ ಹಾರ. "ಸಾಹೇಬರ ಆಟಾ ನೋಡೂದ ಒಂದು ಪುಣ್ಯ ನೋಡ್ರಿ" ಎಂದು ಆ ತಂಡದ ಹಿರಿಯ ವ್ಯಾಪಾರಿ ನನ್ನ ಹತ್ತಿರ ಬಂದು ಹೇಳಿದ. ನಾನೂ ಹೌದೆಂದು ತಲೆ ಆಡಿಸಿದೆ.

ಆಮೇಲೆ ಹೊಸಪೇಟೆ.

ಅಲ್ಲಿಯ ತಂಡದಲ್ಲಿ ಸಾಹೇಬರು ಎನ್ನುವವರೇ ಇರಲಿಲ್ಲ. ನಾಲ್ಕು ಜನ ಶಾಲೆಯ ಮಾಸ್ತರರು, ಉಳಿದವರು ರೈಲಿನ ಫಿಟ್ಟರುಗಳು. ಅವರ ಬೌಲರ್ ಕೊಂಡಯ್ಯ ಎಂಬ ಉದ್ದನೆಯ ಫಿಟ್ಟರು, ಅಂಗೈಯ ಎಣ್ಣೆಮಸಿ ಸಹ ಸರಿಯಾಗಿ ಹೋಗಿರಲಿಲ್ಲ. ದೊಡ್ಡ ಸಾಹೇಬರು ಕೈಗವಸು ತೊಟ್ಟು, ಮೀಸೆ ತೀಡಿ, ನಿಂತರು. ಕೊಂಡಯ್ಯ ಮೊದಲ ಚೆಂಡು ಒಗೆದ. ಸಾಹೇಬರು ಆಕಾಶಕ್ಕೆ ಬ್ಯಾಟು ಬೀಸಿದರು. ನಡುವಿನ ಸ್ಟಂಪು ಹಿಂದೆ ಹೋಗಿ ಬಿತ್ತು. ಅವರ ಹಿಂದೆ ಇಳಿದ ಸಾಹೇಬರೂ ಮೊದಲ ಚೆಂಡಿಗೇ ಆಕಾಶಕ್ಕೆ ಬೀಸಿದರು, ಅವರದೂ ಬಿತ್ತು. ಆಚೆ ಬದಿಯಲ್ಲಿ ನಿಂತಿದ್ದ ನಾಕಾ ಸಾಹೇಬರ ಸರದಿ ಬಂತು. ಅವರೂ ಹಾಗೆಯೇ. ಕೊನೆಗೆ ಜವಾನರು ಇಳಿದು ಅಷ್ಟಿಷ್ಟು ತಡೆದು ಮಾನ ಮುಚ್ಚಿದರು. ಕೊಂಡಯ್ಯ ನನ್ನ ಪಕ್ಕದಲ್ಲಿ ನೀರು ಕುಡಿಯುತ್ತ ಕೇಳಿದ: "ಏನ್ ಮಾಸ್ತರೇ, ನಿಮ್ಮೋರಿಗೆ ರೈಲಿಗೆ ಹೊತ್ತಾಯ್ತೇನು?"

ಮರಳಿ ಬರುವ ರೈಲಿನಲ್ಲಿ ಸೋಲಿನ ವಿಚಾರಣೆ ನಡೆಯಿತು. ವಕೀಲರು ಹೊಸಪೇಟೆಯ ನೀರಿನ ದೋಷ ಎಂದರು. ಗಂಗಾವತಿಯಲ್ಲೂ ಅದೇ ಹೊಳೆಯ ನೀರು ಕುಡಿದಿದ್ದೆವಲ್ಲ ಎಂದು ಯಾರೂ ಕೇಳಲಿಲ್ಲ. ನಾಕಾ ಸಾಹೇಬರ ಪ್ರಕಾರ ಹೊಳೆ ದಾಟಿದರೆ ಮಣಿಕಟ್ಟು ಸಡಿಲವಾಗುತ್ತದೆ. ಕೊನೆಗೆ ದೊಡ್ಡ ಸಾಹೇಬರು "ಚಾಪಿ" ಎಂದರು. ಎಲ್ಲರೂ ಚಾಪೆ, ಚಾಪೆ ಎಂದರು. ಮರುವರ್ಷ ನಮ್ಮ ಚಾಪೆಯನ್ನು ನಾವೇ ಹೊತ್ತೊಯ್ದೆವು, ತಾಮ್ರದ ಕೊಡಗಳಲ್ಲಿ ಕೊಪ್ಪಳದ ನೀರನ್ನೂ ಒಯ್ದೆವು. ಗಡಿಯಲ್ಲಿ ನಾಕಾ ಸಾಹೇಬರ ಕೈಕೆಳಗಿನವರೇ ನಮ್ಮನ್ನು ನಿಲ್ಲಿಸಿ, ಒಳಗೇನಿದೆಯೋ ಎಂದು ಚಾಪೆಯನ್ನು ಪೂರ್ತಿ ಬಿಚ್ಚಿಸಿದರು. ನಮ್ಮ ಚಾಪೆಯ ಮೇಲೆ, ನಮ್ಮ ನೀರು ಕುಡಿದು, ನಮ್ಮ ಸಾಹೇಬರು ಮೊದಲ ಚೆಂಡಿಗೆ ಔಟಾದರು.

ಇಷ್ಟರವರೆಗೆ ನನಗೆ ಇದು ತಮಾಷೆ. ಮೂರನೆಯ ವರ್ಷ ತಮಾಷೆ ನನ್ನ ಮನೆಬಾಗಿಲಿಗೆ ಬಂತು. ಹೊಸಪೇಟೆಯ ಪಂದ್ಯಕ್ಕೆ ಇನ್ನೂ ಕೆಲವು ವಾರಗಳಿದ್ದಾಗ ದೊಡ್ಡ ಸಾಹೇಬರು ನನ್ನನ್ನು ಕರೆಸಿದರು.

"ಮಾಸ್ತರ, ನಿಮ್ಮನ್ನ ಕ್ಲಬ್ಬಿಗೆ ಯಾಕ ತಗೊಂಡೀವಿ?"

"ಆಟಾ ಕಲಸಾಕ್ರಿ."

"ಮತ್ತ ಏನು ಕಲಸೀರಿ? ಈ ಸಲ ಹೊಸಪೇಟಿಯಿಂದ ಮಾರಿ ಸಣ್ಣದು ಮಾಡ್ಕೊಂಡು ಬಂದ್ವಿ ಅಂದ್ರ ನೀವು ಹನುಮಸಾಗರಕ್ಕ ಹೋಗ್ರಿ. ಅಲ್ಲಿ ಸಣ್ಣ ಹುಡುಗರಿಗೆ ಡ್ರಿಲ್ ಮಾಡಸ್ರಿ."

ಹನುಮಸಾಗರ ದೊಡ್ಡ ಊರೇ, ನೌಕರಿಗೆ ಅಲ್ಲೇನೂ ಕೊರತೆಯಿಲ್ಲ. ಕೊರತೆ ಇದ್ದದ್ದು ಒಂದೇ, ಹೆಣ್ಣುಮಕ್ಕಳ ಶಾಲೆ. ನನ್ನ ಮಗಳು ಗೌರಿ ಕೊಪ್ಪಳದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಅವಳ ಸೋದರಮಾವ ಕುಷ್ಟಗಿಯಲ್ಲಿ ಕಾಳಿನ ವ್ಯಾಪಾರಿ. ತನ್ನ ಮಗನಿಗೆ ಗೌರಿಯನ್ನು ತಂದುಕೊಳ್ಳಬೇಕೆಂದು ಆತ ಎರಡು ವರ್ಷದಿಂದ ಹೊಂಚು ಹಾಕಿ ಕೂತಿದ್ದ. ಹುಡುಗಿ ಸಾಲಿಗೆ ಹೋಗುತ್ತಾಳೆ, ಮುಗಿಯಲಿ ಎಂದು ನಾವು ಮುಂದೂಡುತ್ತ ಬಂದಿದ್ದೆವು. ಶಾಲೆ ನಿಂತಿತೆಂದರೆ ನಮ್ಮ ಹತ್ತಿರ ಬೇರೆ ನೆಪ ಇರಲಿಲ್ಲ.

ರಾತ್ರಿಯ ಊಟಕ್ಕೆ ಮೊದಲೇ ಹೆಂಡತಿ ಬಸಮ್ಮನಿಗೆ ಹೇಳಿದೆ. ಅಕ್ಷರ ಬಾರದವಳು ಅವಳು. ಮಗಳು ಓದುವಾಗ ಕೆಲಸ ಬಿಟ್ಟು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

"ಯಾರೋ ಬ್ಯಾಟ ಬೀಸಾಕ ಬರದಿದ್ರ ನನ್ನ ಮಗಳ ಸಾಲಿ ಯಾಕ ಬಿಡಸ್ತಾರ್ರೀ?" ಎಂದಳು.

"ದೊಡ್ಡವರು" ಎಂದೆ.

"ಅಣ್ಣಗ ಸುದ್ದಿ ಮುಟ್ಟಿದ್ರ ಎಂಟು ದಿನದಾಗ ಅಕ್ಕಿಕಾಳು ಹಾಕಿ ಲಗ್ನಾ ಮುಗಸ್ತಾನ. ಏನರ ಮಾಡ್ರಿ. ಅವರು ಬ್ಯಾಟ ಬೀಸೂಹಂಗ ಮಾಡ್ರಿ."

ನಾನು ಮಾಡಲು ಹೊರಟೆ. ನನ್ನದೂ ಒಂದು ಸಿದ್ಧಾಂತವಿತ್ತು, ವಕೀಲರ ನೀರಿಗಿಂತ ಅದೇನೂ ಹೆಚ್ಚಿನದಲ್ಲ. ಹೊಸಪೇಟೆಯ ಮೈದಾನ ಕಾಲುವೆಯ ಮಗ್ಗುಲಲ್ಲಿದೆ, ಚಾಪೆಯ ಕೆಳಗೆ ನೆಲ ಹಸಿ, ಆದ್ದರಿಂದ ಚೆಂಡು ಬಿದ್ದಲ್ಲಿ ಒಂದು ಕ್ಷಣ ತಡೆದು ಏಳುತ್ತದೆ, ನಮ್ಮವರು ಗಟ್ಟಿನೆಲಕ್ಕೆ ಒಗ್ಗಿದವರು, ಮೊದಲೇ ಬೀಸಿಬಿಡುತ್ತಾರೆ. ಗಂಗಾವತಿಯ ಗದ್ದೆ ನೆನಪಾಗಿದ್ದರೆ ಈ ಸಿದ್ಧಾಂತ ಅಲ್ಲೇ ಮುರಿದು ಬೀಳುತ್ತಿತ್ತು. ನೆನಪಾಗಲಿಲ್ಲ. ಜವಾನರಿಂದ ಕೊಡಗಟ್ಟಲೆ ನೀರು ಹೊರಿಸಿ ಕ್ಲಬ್ಬಿನ ನೆಲವನ್ನು ಕೆಸರು ಮಾಡಿ ಅದರ ಮೇಲೆ ಚಾಪೆ ಹಾಸಿದೆ. ಇನ್ನು ಸಾಹೇಬರು ತಡವರಿಸುತ್ತಾರೆ, ಆಗ ಒಂದೊಂದಾಗಿ ಕಲಿಸೋಣ ಎಂದು ಸೊಂಟಕ್ಕೆ ಕೈಕೊಟ್ಟು ನಿಂತೆ.

ದೊಡ್ಡ ಸಾಹೇಬರು ಮೊದಲ ಚೆಂಡನ್ನೇ ಬೇಲಿಯಾಚೆಗೆ ಬಾರಿಸಿದರು. ನಾಕಾ ಸಾಹೇಬರೂ ಬಾರಿಸಿದರು. ಕೆಸರಿನಿಂದ ಅವರಿಗಾದ ತೊಂದರೆ ಎಂದರೆ ಬೂಟು ಹೊಲಸಾದದ್ದು ಒಂದೇ. ಅದಕ್ಕೆ ನನಗೆ ಬೈದು ಮನೆಗೆ ಹೋದರು.

ಚಾಪೆ ಸುತ್ತುವಾಗ ಹುಸೇನಸಾಬನನ್ನು ಕೇಳಿದೆ: "ಹುಸೇನಸಾಬ, ನೆಲ ಇಷ್ಟು ಹಸಿ ಐತಿ, ಚೆಂಡು ಹೆಂಗ ಬೇಕಾದಂಗ ಏಳತೈತಿ. ಆದ್ರೂ ಸಾಹೇಬ್ರು ಹೆಂಗ ಹೊಡೀತಾರ?"

ಅವನು ಸುತ್ತ ನೋಡಿದ. "ಮಾಸ್ತರ್ರೀ, ನಾ ಒಗಿಯೂ ಚೆಂಡು ನೆಲಕ್ಕ ಬೀಳೂದ ಇಲ್ಲಲ್ರಿ. ಸೀದಾ ಅವರ ಬ್ಯಾಟಿಗೆ ಹೋಗತೈತಿ. ಕೆಳಗ ಕೆಸರಿದ್ರೇನು, ಕಲ್ಲಿದ್ರೇನು?"

"ದಿನಾನೂ ಹಂಗ ಒಗಿತೀಯೇನು?"

"ಉಳಿದಿದ್ದು ಸ್ವಲ್ಪ ಹಿಂದಮುಂದ ಒಗಿತೀನ್ರಿ, ಅದೂ ಸಾಹೇಬ್ರ ಮೋತಿ ನೋಡಿ. ಮೊದಲನೇದು ಮಾತ್ರ ತಪ್ಪಬಾರದು. ಅದು ಸಲಾಮಿ ಚೆಂಡು. ಬಾಗಿಲಿಗೆ ಬಂದ ಕೂಡ್ಲೆ ಸಲಾಮ ಹಾಕೂದಿಲ್ಲೇನ್ರಿ ನಾವು? ಹಂಗ ಇದು. ನಾ ಬರೂದಕ್ಕಿಂತ ಮೊದಲಿಂದ ಐತಿ. ಕುಷ್ಟಗ್ಯಾಗೂ ಹಂಗ, ಯಲಬುರ್ಗಾದಾಗೂ ಹಂಗ, ಗಂಗಾವತ್ಯಾಗೂ ಹಂಗ. ಎಲ್ಲಾ ಕಡೆ ಒಗಿಯೋರು ಜವಾನರ ಅಲ್ರಿ."

ನಾನು ಚಾಪೆಯ ಮೇಲೆ ಕೂತುಬಿಟ್ಟೆ. ವರ್ಷಗಟ್ಟಲೆ ಅಲ್ಲೇ ನಿಂತು ನೋಡಿದ್ದೆ, ಕಂಡಿರಲಿಲ್ಲ. ಆದರೂ ಒಂದು ಸಂಶಯ ಉಳಿಯಿತು. "ಗದಗಿನ್ಯಾಗ? ಅವರೇನು ನಮ್ಮ ಜವಾನರಲ್ಲಲ್ಲ?"

ಹುಸೇನಸಾಬ ನಕ್ಕ. "ಅವರ ಹತ್ತಿ ಎಲ್ಲಿಂದ ಹೋಗತೈತ್ರಿ? ನಮ್ಮ ಯಲಬುರ್ಗಾ, ಕುಷ್ಟಗಿ ಕಡಿಂದ. ಹತ್ತಿ ಬಂಡಿ ಯಾವ ನಾಕಾ ದಾಟಬೇಕು? ಆ ನಾಕಾದಾಗ ಯಾರು ಕುಂತಾರ? ನಮ್ಮವರು ಒಗದಿದ್ದು ಬರೇ ಸಲಾಮಿ. ಅವರು ಒಗದಿದ್ದು ಹೋಳಿಗಿ."

ಇದು ನೋಡಿ ನಮ್ಮ ತಂಡದ ಪರದೇಶದ ಬ್ಯಾಟಿಂಗಿನ ರಹಸ್ಯ. ಬೌಲರನಿಗೆ ಬ್ಯಾಟು ಹಿಡಿದವನಿಂದ ಏನಾದರೂ ಆಗಬೇಕಾಗಿರುವ ಊರಿನಲ್ಲೆಲ್ಲ ನಾವು ಹುಲಿಗಳು. ಹೊಸಪೇಟೆಯ ಕೊಂಡಯ್ಯನಿಗೆ ನಮ್ಮಿಂದ ಏನೂ ಆಗಬೇಕಾಗಿರಲಿಲ್ಲ. ಅವನು ಚೆಂಡನ್ನು ಚೆಂಡಿನ ಹಾಗೆ ಒಗೆದ. ಮೊದಲ ಚೆಂಡಿಗೆ ಕಣ್ಣು ಮುಚ್ಚಿ ಬೀಸಿದರೂ ಹೋಗುತ್ತದೆ ಎಂದು ಸಾಹೇಬರ ತೋಳುಗಳಿಗೆ ರೂಢಿಯಾಗಿತ್ತು. ಹುಲ್ಲಂತೆ, ಗಾಳಿಯಂತೆ!

ರೋಗ ಗೊತ್ತಾಯಿತು, ಮದ್ದು ಕುಡಿಸುವವರು ಯಾರು? "ನಾಳಿಯಿಂದ ಖರೇ ಚೆಂಡು ಒಗಿ" ಎಂದು ಹುಸೇನಸಾಬನಿಗೆ ಹೇಳಿದೆ. ಅವನು ಕೈಮುಗಿದ. "ನನ್ನ ನೌಕರಿ ಅವರ ಬಾಗಲದಾಗ ಐತ್ರಿ. ನಾ ಅವರ ಸ್ಟಂಪು ಉರುಳಿಸಿ ಮತ್ತ ಅದ ಬಾಗಲದಾಗ ಹೆಂಗ ನಿಲ್ಲಲಿ? ಬೇಕಾದ್ರ ನೀವ ಒಗೀರಿ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನೇ ಒಗೆಯುವುದೆಂದು ನಿಶ್ಚಯ ಮಾಡಿದೆ. ನನ್ನ ಕೈ ಬಿಟ್ಟು ಬಹಳ ವರ್ಷವಾಗಿತ್ತು. ಒಂದು ವಾರ ಶಾಲೆಗೆ ಮುಂಚೆ ಹಿತ್ತಲಲ್ಲಿ ಒಗೆದು ಕೈ ಕುದುರಿಸಿಕೊಂಡೆ. ಎದುರಿಗೆ ಬ್ಯಾಟು ಹಿಡಿದವಳು ಗೌರಿ, ಬಟ್ಟೆ ಒಗೆಯುವ ಕೋಲು ಹಿಡಿದು. ಮೊದಮೊದಲು ಅವಳೂ ಬೀಸಿ ಗುರಿ ತಪ್ಪಿದಳು. ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಚೆಂಡು ಬೀಳುವ ಜಾಗ ನೋಡಿ ಕಾಲು ಮುಂದಿಟ್ಟು ತಡೆಯುತ್ತಿದ್ದಳು. ಅವಳಿಂದ ನನಗೆ ಧೈರ್ಯ ಬಂತು. ಹುಡುಗಿಗೆ ಬರುವುದು ಸಾಹೇಬರಿಗೆ ಯಾಕೆ ಬರಬಾರದು?

ಬರಬಾರದು ಎಂದು ಸಾಹೇಬರೇ ತೋರಿಸಿಕೊಟ್ಟರು. ಕ್ಲಬ್ಬಿನಲ್ಲಿ ನಾನು ಒಗೆದ ಮೊದಲ ಚೆಂಡಿಗೆ ದೊಡ್ಡ ಸಾಹೇಬರು ಎಂದಿನಂತೆ ಬೀಸಿದರು, ಸ್ಟಂಪು ಉರುಳಿತು. ವಕೀಲ ಶ್ರೀಪತರಾಯರು ಕೈ ಚಾಚಿ, "ನೋ ಬಾಲ್" ಎಂದರು. ಜವಾನರು ಓಡಿ ಬಂದು ಸ್ಟಂಪು ನಿಲ್ಲಿಸಿದರು. ಎರಡನೆಯದಕ್ಕೂ ಉರುಳಿತು, ಅದೂ ನೋ ಬಾಲ್. ಮೂರನೆಯದು ಉರುಳಿದ ಮೇಲೆ ವಕೀಲರು ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು.

ಸಾಹೇಬರು ಬ್ಯಾಟು ಊರಿಕೊಂಡು ಹತ್ತಿರ ಬಂದರು. "ಮಾಸ್ತರ, ಚೆಂಡು ಹಿಂಗ ಬರೂದಿಲ್ಲ."

"ಹೊಸಪೇಟ್ಯಾಗ ಹಿಂಗ ಬರತೈತ್ರಿ ಸಾಹೇಬ್ರ."

"ಅದಕ್ಕ ಹೇಳೂದು ನಾನು, ಅವರಿಗೆ ಆಟಾ ಗೊತ್ತಿಲ್ಲ."

ಎಲ್ಲರೂ ನಕ್ಕರು. ನಾನು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದೆ. ಹುಸೇನಸಾಬ ಬಂದು ಸಲಾಮಿ ಒಗೆದ, ಚೆಂಡು ಬೇಲಿ ದಾಟಿತು, ಎಲ್ಲವೂ ಸರಿಹೋಯಿತು.

ಹೊಸಪೇಟೆಗೆ ಹೋಗುವ ರೈಲಿನಲ್ಲಿ ನಾಚಿಕೆ ಬಿಟ್ಟು ಒಬ್ಬೊಬ್ಬರ ಮುಂದೆ ನಿಂತು ಬೇಡಿಕೊಂಡೆ. "ಮೊದಲನೇ ಚೆಂಡಿಗೆ ಬ್ಯಾಟ ಎತ್ತಬ್ಯಾಡ್ರಿ. ಸುಮ್ಮನ ನೆಲಕ್ಕ ಊರಿ ನಿಲ್ರಿ. ಅದೊಂದು ಚೆಂಡು ಹೋಗಲಿ." ನಾಕಾ ಸಾಹೇಬರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ದೊಡ್ಡ ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಹೊಳೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಆ ದಿನ ನಮ್ಮ ಜವಾನರು ಹಾಕಿದ ಬೌಲಿಂಗನ್ನು ನೀವು ನೋಡಬೇಕಿತ್ತು. ಹುಸೇನಸಾಬ ಮೂರು ವರ್ಷದ ಸಿಟ್ಟನ್ನೆಲ್ಲ ಆ ಫಿಟ್ಟರುಗಳ ಮೇಲೆ ತೀರಿಸಿಕೊಂಡ. ಅವರು ಮಾಡಿದ ರನ್ನು ಎಷ್ಟು ಕಡಿಮೆ ಎಂದರೆ, ನಮ್ಮ ಸಾಹೇಬರು ಊಟದವರೆಗೆ ಸುಮ್ಮನೆ ನಿಂತಿದ್ದರೂ ಬೈ ರನ್ನುಗಳಲ್ಲೇ ಗೆಲ್ಲಬಹುದಿತ್ತು. ನನಗೆ ಆಸೆ ಹುಟ್ಟಿತು. ಬೇಲಿಯ ಕಲ್ಲಿನ ಮೇಲೆ ಕೂತು ಮನಸ್ಸಿನಲ್ಲೇ ಗೌರಿಯನ್ನು ಐದನೆಯ ಇಯತ್ತೆಗೆ ಕಳಿಸಿದೆ.

ನಾಕಾ ಸಾಹೇಬರು ಮೊದಲು ನಿಂತರು. ಕೊಂಡಯ್ಯ ಓಡಿ ಬರುವಾಗ ಅವರ ಬ್ಯಾಟು ನೆಲದಲ್ಲೇ ಇತ್ತು. ಚೆಂಡು ಕೈ ಬಿಟ್ಟದ್ದೇ ತಡ, ಬ್ಯಾಟು ತಾನಾಗಿ ಮೇಲೆ ಹೋಯಿತು. ಕೊಟ್ಟ ಮಾತೂ ಸ್ಟಂಪೂ ಅದರ ಜೊತೆಗೇ ಹೋದವು. ಆಮೇಲೆ ಆಚೆ ಬದಿಯಲ್ಲಿದ್ದ ದೊಡ್ಡ ಸಾಹೇಬರ ಸರದಿ ಬಂತು. ನಾನು ಕಲ್ಲಿನ ಮೇಲೆ ಎದ್ದು ನಿಂತೆ. ಕೊಂಡಯ್ಯ ಒಗೆದ. ಸಾಹೇಬರು ಬ್ಯಾಟು ಎತ್ತಲಿಲ್ಲ! ಚೆಂಡು ಬಂದು ಬ್ಯಾಟಿಗೆ ತಾಗಿ ಅವರ ಕಾಲ ಬಳಿ ಬಿತ್ತು. ಹೊಸಪೇಟೆಯ ಜನರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು, ನಗಿ. ಎರಡನೆಯ ಚೆಂಡು ಬಂತು. ಮೊದಲನೆಯದು ಹೇಗೂ ಮುಗಿಯಿತಲ್ಲ, ತಡವಾಗಿಯಾದರೂ ಇನ್ನು ಸಲಾಮು ಬರಲೇಬೇಕು ಎಂದುಕೊಂಡರೋ ಏನೋ, ಸಾಹೇಬರು ಆಕಾಶಕ್ಕೆ ಬೀಸಿದರು.

ಬರುವಾಗ ರೈಲಿನಲ್ಲಿ ವಕೀಲರು ಹೊಸ ಕಾರಣ ಕಂಡುಹಿಡಿದರು. ಮಾಸ್ತರ ರೈಲಿನಲ್ಲಿ ಅಪಶಕುನದ ಮಾತಾಡಿ ಎಲ್ಲರ ಕೈ ಕಟ್ಟಿಹಾಕಿದ. ನೀರು, ಚಾಪೆ, ಮಣಿಕಟ್ಟು ಎಲ್ಲ ಬಿಡುಗಡೆಯಾದವು, ನಾನು ಸಿಕ್ಕಿಬಿದ್ದೆ. ಕೆಲವೇ ದಿನಗಳಲ್ಲಿ ಹನುಮಸಾಗರದ ವರ್ಗಾವಣೆಯ ಹುಕುಂ ಬಂತು. ಅದರ ಹಿಂದೆಯೇ ಕುಷ್ಟಗಿಯಿಂದ ಬಸಮ್ಮನ ಅಣ್ಣ ಬಂದ, ಒಂದು ಬುಟ್ಟಿ ಬಾಳೆಹಣ್ಣು ಹಿಡಿದುಕೊಂಡು. ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ ಕಾಣೆ. "ಹುಡುಗಿ ಸಾಲಿ ಹೆಂಗೂ ಮುಗೀತಲ್ಲ ಮಾವಾರ" ಎಂದು, ಗೌರಿ ಶಾಲೆಯಲ್ಲಿದ್ದ ಹೊತ್ತಿನಲ್ಲಿ, ನಡುಮನೆಯಲ್ಲಿ ಕಾಲು ಚಾಚಿ ಕೂತ. ಬಸಮ್ಮ ಅವನಿಗೆ ನೀರು ಕೊಟ್ಟವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು, ಹೊರಗೆ ಬರಲಿಲ್ಲ.

ನಾನು ದೊಡ್ಡ ಸಾಹೇಬರ ಬಂಗಲೆಗೆ ಹೋದೆ. ಮಗಳ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕೇಳಿದರು, ಕೆಟ್ಟವರಲ್ಲ, ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ಈ ಐತವಾರ ಹೈದರಾಬಾದಿನಿಂದ ನಮ್ಮ ಮ್ಯಾಲಿನ ಸಾಹೇಬ್ರು ಬರ್ತಾರ. ಅವರಿಗೆ ಆಟದ ಹುಚ್ಚು ಭಾಳ. ಒಂದು ಪಂದ್ಯ ಇಟ್ಟೀನಿ. ಹುಸೇನಸಾಬ ಜ್ವರ ಬಂದು ಮಲಗ್ಯಾನ. ನೀವ ಒಗೀರಿ."

"ಆಗಲಿ ಸಾಹೇಬ್ರ."

"ಅವತ್ತು ಒಗದ್ರಲ್ಲ, ಹಂಗಲ್ಲ ಮತ್ತ. ಹುಸೇನಸಾಬ ಒಗೀತಾನಲ್ಲ, ಹಂಗ. ಮೊದಲನೇದು."

ಅಂದರೆ ಈ ಮನುಷ್ಯನಿಗೆ ಗೊತ್ತಿತ್ತು! ತನ್ನತ್ತ ಬರುವುದು ಸಲಾಮು, ಆಟವಲ್ಲ ಎಂದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನೀರಿನ ಕೊಡ ಹೊರಿಸಿದ, ಚಾಪೆ ಹೊರಿಸಿದ. ವರ್ಷಕ್ಕೊಂದು ದಿನ ಹೊಳೆಯ ಆಚೆ ಮಾನ ಹೋದರೆ ಹೋಗಲಿ, ಈಚೆ ಉಳಿದ ದಿನಗಳಲ್ಲೆಲ್ಲ ಮೊದಲ ಚೆಂಡು ಸಲಾಮು ಹಾಕುತ್ತ ಬರಬೇಕು. ಅವನ ಆಯ್ಕೆ ಅದು. ಅವನ ಬಗ್ಗೆ ಅಲ್ಲಿಯವರೆಗೆ ಇದ್ದದ್ದು ನಗು, ಅವತ್ತಿನಿಂದ ಹೇಸಿಗೆ.

ಆದರೂ, "ಹಂಗ ಆಗಲ್ರಿ" ಎಂದು ಹೇಳಿ ಬಂದೆ.

ಐತವಾರ ಮೈದಾನದ ತುಂಬ ಜನ. ಚಪ್ಪಾಳೆ ತಟ್ಟಲು ಶಾಲೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿ‌ಸಿದ್ದರು. ಹೆಣ್ಣುಮಕ್ಕಳ ಸಾಲಿನಲ್ಲಿ ಗೌರಿಯೂ ಇದ್ದಳು. ದೊಡ್ಡ ಸಾಹೇಬರು ಮೀಸೆ ತೀಡಿ ನಿಂತರು. ನಾನು ಓಡಿ ಬಂದು ಒಗೆದೆ. ನೆಲಕ್ಕೆ ಬೀಳದ ಹಾಗೆ, ಸೊಂಟದ ಎತ್ತರಕ್ಕೆ, ಮೆತ್ತಗೆ. ಹುಸೇನಸಾಬ ಸಹ ಅಷ್ಟು ಚೆನ್ನಾಗಿ ಒಗೆದಿರಲಾರ. ಚೆಂಡು ಬೇಲಿ ದಾಟಿತು. ಹೈದರಾಬಾದಿನ ಸಾಹೇಬರು ಕುರ್ಚಿಯಿಂದ ಎದ್ದು, ವಾಹ್ ವಾಹ್ ಎಂದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸಂಜೆ ಚಹದ ಹೊತ್ತಿಗೆ, ವರ್ಗಾವಣೆ ರದ್ದಾಯಿತು ಎಂದು ದೊಡ್ಡ ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿದರು.

ಮನೆಗೆ ಬಂದಾಗ ಬಸಮ್ಮ ಎರಡು ತಾಟು ಇಟ್ಟು ಕಾಯುತ್ತಿದ್ದಳು. ವರ್ಗಾವಣೆ ರದ್ದಾದ ಸುದ್ದಿ ನನಗಿಂತ ಮೊದಲೇ ಮುಟ್ಟಿ, ಅವಳ ಅಣ್ಣ ಕುಷ್ಟಗಿಗೆ ಹೊರಟುಹೋಗಿದ್ದ. ಗೌರಿ ಗೋಡೆಗೆ ಆತು ಕೂತಿದ್ದಳು, ತಾಟಿನ ಮುಂದೆ ಬರಲಿಲ್ಲ. ಅವಳಿಗೆ ವರ್ಗಾವಣೆಯೂ ಗೊತ್ತಿರಲಿಲ್ಲ, ಮಾವನ ಬುಟ್ಟಿ ಬಂದದ್ದು ಯಾಕೆಂದೂ ಗೊತ್ತಿರಲಿಲ್ಲ. ನಾವು ಏನನ್ನೂ ಹೇಳಿರಲಿಲ್ಲ.

"ಯಾಕವ್ವಾ, ಊಟಾ ಬ್ಯಾಡೇನು?" ಎಂದೆ.

"ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಹೊಡೀಲಿಲ್ಲ."

"ಯಾಕ?"

"ಅದೇನು ಚೆಂಡೇನಪ್ಪಾ? ನನಗ ಒಮ್ಮೆನೂ ಹಂಗ ಒಗದಿಲ್ಲ ನೀನು. ಅವರಿಗೆ ಯಾಕ ಒಗದಿ? ನನಗ ನಾಚಿಕಿ ಬಂತು."

ಬಸಮ್ಮ ಬಾಯಿ ತೆರೆಯಲು ಹೋದಳು. ನಾನು ಬೇಡವೆಂದು ಕೈ ಮಾಡಿದೆ. ರೊಟ್ಟಿ ಮುರಿದು ಮಗಳ ತಾಟಿಗೆ ಹಾಕಿದೆ.

"ನಾಳಿ ಸಾಲಿ ಐತಿ" ಎಂದೆ. "ಉಣ್ಣು."